ಗ್ರಂಥವು ಬೀದಿಗೆ ಬರಲಿ

'ಬೀದಿಗೆ ಬಂದನು' ಎಂಬ ಮಾತು ಕನ್ನಡದಲ್ಲಿ ಒಳ್ಳೆಯ ಅರ್ಥದಲ್ಲಿ ಸಲ್ಲುವುದಿಲ್ಲ. ಮನೆಮಠ ಕಳೆದುಕೊಂಡವನು, ಮಾನ ಹೋದವನು, ಒಳಜಗಳದಿಂದ ಒಡೆದ ಕುಟುಂಬ, ಇವರನ್ನು ಕುರಿತು ಆಡುವ ನುಡಿ ಅದು. ಆದರೆ ಅದೇ ಬೀದಿಗೆ ವರ್ಷಕ್ಕೊಮ್ಮೆ ದೇವರೂ ಬರುವುದುಂಟು. ಮೂಲಮೂರ್ತಿ ಗರ್ಭಗುಡಿಯಲ್ಲಿಯೇ ಇರುತ್ತದೆ; ಉತ್ಸವಮೂರ್ತಿಯು ವಾದ್ಯಘೋಷಗಳೊಡನೆ ಹೊರಗೆ ಹೊರಟು, ಗುಡಿಯ ಮೆಟ್ಟಿಲನ್ನೇರಲಾರದ ಮುದುಕನಿಗೂ, ಏರುವ ಅಧಿಕಾರವನ್ನು ಒಂದು ಕಾಲಕ್ಕೆ ಯಾರೂ ಕೊಡದಿದ್ದ ಮನುಷ್ಯನಿಗೂ, ತಾಯಿಯ ಕಂಕುಳಲ್ಲಿ ನಿದ್ದೆಗಣ್ಣಾಗಿರುವ ಕೂಸಿಗೂ ಸಮಾನವಾಗಿ ಎದುರಾಗುತ್ತದೆ. ಗ್ರಂಥಾಲಯಗಳ ವಿಷಯದಲ್ಲಿ ನಾವು ಮೂಲಮೂರ್ತಿಯನ್ನು ಪ್ರತಿಷ್ಠೆ ಮಾಡುವುದನ್ನು ಚೆನ್ನಾಗಿ ಕಲಿತೆವು, ಉತ್ಸವಮೂರ್ತಿಯನ್ನು ಹೊರಡಿಸುವುದನ್ನು ಮಾತ್ರ ಮರೆತೆವು ಎಂಬುದು ಬಹುಕಾಲದಿಂದ ನನ್ನ ಮನಸ್ಸಿನಲ್ಲಿರುವ ವಿಚಾರ.

ಕಾಸರಗೋಡು ಪಟ್ಟಣವನ್ನು ಬಿಟ್ಟು, ಜಿಲ್ಲಾ ಕಚೇರಿಯೂ 1957ರಲ್ಲಿ ಸ್ಥಾಪಿತವಾದ ಸರಕಾರಿ ಕಾಲೇಜೂ ಇರುವ ವಿದ್ಯಾನಗರವನ್ನು ಹಾದು, ಚೆರ್ಕಳದ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ ನಾಯ್ಮಾರ್ಮೂಲೆಯಿದೆ. ಮೂಲೆಯೆಂಬ ಶಬ್ದವು ಕನ್ನಡಕ್ಕೂ ಮಲಯಾಳಕ್ಕೂ ಸಮಾನವಾದ ಸ್ವತ್ತು. ಆದುದರಿಂದ ಈ ಊರಿನ ಹೆಸರನ್ನು ಎರಡು ಭಾಷೆಯವರೂ ಭಾಷಾಂತರದ ಹಂಗಿಲ್ಲದೆ ಅರಿಯುತ್ತಾರೆ. ಇಲ್ಲಿಯ ಅಂಗಡಿಯ ಬಾಗಿಲಲ್ಲಿ ಕ್ಷಣಕಾಲ ನಿಂತವನ ಕಿವಿಗೆ ಮಲಯಾಳವೇ ಮೊದಲು ಬೀಳುವುದಾದರೂ, ಅದರ ಬೆನ್ನಿಗೆ ತುಳು, ಬ್ಯಾರಿ, ಕನ್ನಡ, ಕೊಂಕಣಿಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟಂತೆ ಬರುತ್ತವೆ. 1956ರ ನವೆಂಬರ್ 1ರಂದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ, ಚಂದ್ರಗಿರಿ ನದಿಯ ಉತ್ತರಕ್ಕಿರುವ ಈ ಭೂಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರ ಮಹಾಜನ ಆಯೋಗದ ವರದಿಯು ಹೇಳಿತಷ್ಟೆ. ಆ ವಿಷಯದ ವ್ಯಥೆಯನ್ನು ನಾನು ಅಲ್ಪವೆಂದು ಎಣಿಸುವವನಲ್ಲ. ಆದರೆ ಆಯೋಗದ ವರದಿಯ ಜಾರಿಗಾಗಿ ಕಾಯುತ್ತ ಕುಳಿತ ತಲೆಮಾರಿನ ಮಕ್ಕಳು ಬೆಳೆದರು, ಅವರ ಮಕ್ಕಳೂ ಬೆಳೆದರು. ಈ ನಡುವೆ ಆ ಮಕ್ಕಳ ಕೈಗೆ ಯಾವ ಪುಸ್ತಕ ಹೋಯಿತು ಎಂಬ ಪ್ರಶ್ನೆಗೆ ಗಡಿಯ ಎರಡು ಕಡೆಯವರೂ ಉತ್ತರ ಕೊಡಬೇಕಾಗಿದೆ.

ಬೇಸಗೆಯೆಂದರೆ ಈ ನಾಡಿನಲ್ಲಿ ಕಲೆಯ ಋತು. ದೀಪಾವಳಿಯ ಬಳಿಕ ಗೆಜ್ಜೆ ಕಟ್ಟಿದ ಯಕ್ಷಗಾನ ಮೇಳಗಳು ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯವರೆಗೆ ಊರೂರು ತಿರುಗುತ್ತವೆ; ತುಲಾಮಾಸದಲ್ಲಿ ಆರಂಭವಾದ ತೆಯ್ಯಂಗಳು ಇಡವ ಮಾಸದ ಮಳೆ ಸಮೀಪಿಸುವವರೆಗೂ ಕಾವುಗಳಲ್ಲಿ ನಡೆಯುತ್ತವೆ; ನೇಮಕೋಲಗಳಿಗೂ ಇದೇ ಕಾಲ. ಮಾಪಿಳ್ಳೆಯರ ಕೋಲ್ಕಳಿ, ದಫ್ ಮುಟ್ಟುಗಳಿಗೆ ತಕ್ಕ ಗದ್ದೆಯ ಬಯಲು ಒಣಗಿ ಸಿಕ್ಕುವುದೂ ಆಗಲೇ. ಶಾಲೆಗಳಿಗೆ ಏಪ್ರಿಲ್ ಮೇ ಎರಡು ತಿಂಗಳು ರಜೆ. ಗೇರುಹಣ್ಣಿನ ವಾಸನೆ ಇಳಿದು ಹಲಸಿನ ವಾಸನೆ ಏರುವ ಆ ಸಂಜೆಗಳಲ್ಲಿ ಯುವಕರ ಸಂಘವೊಂದು ಬೀದಿಯ ಎರಡು ತುದಿಗೆ ಹಗ್ಗ ಕಟ್ಟಿ ವಾಹನಗಳನ್ನು ನಿಲ್ಲಿಸಿ ದೀಪದ ಸರ ತೂಗುಹಾಕಿತೆಂದರೆ, ಒಂದು ತಾಸಿನೊಳಗೆ ಬಚ್ಚಂಗಾಯಿಯ ತುಂಡು, ಪುನರ್ಪುಳಿಯ ಶರಬತ್ತು, ಚರುಂಬುರಿಗಳ ಗಾಡಿಗಳು ಸಾಲಾಗಿ ನಿಂತು, ಮಕ್ಕಳ ನೃತ್ಯ, ಚಿತ್ರರಚನೆ, ಹಾಡು, ಕಿರುನಾಟಕ ಎಲ್ಲವೂ ಆರಂಭವಾಗಿಬಿಡುತ್ತವೆ. ಇಂಥ ಉತ್ಸವದ ಒಂದು ಬದಿಯಲ್ಲಿ, ಸಾಮಾನ್ಯವಾಗಿ ಗಾಡಿಗಳ ಸಾಲು ಮುಗಿಯುವಲ್ಲಿ, ಗ್ರಂಥಾಲಯದವರ ಮೇಜೊಂದು ಇರುವುದು. ಅದರ ಮೇಲೆ ಪುಸ್ತಕಗಳನ್ನು ಮುಖ ಕಾಣುವಂತೆ ಜೋಡಿಸಿರುತ್ತಾರೆ. ಜನರು ನೋಡುತ್ತಾರೆ, ಒಂದೆರಡು ಹಾಳೆ ತಿರುವುತ್ತಾರೆ, ಮುಂದಕ್ಕೆ ನಡೆಯುತ್ತಾರೆ.

ಕಲೆಗೆ ರಂಗಸ್ಥಳ, ಗ್ರಂಥಕ್ಕೆ ಕಡೆಯ ಮೇಜು ಎಂಬ ಈ ವಿಭಾಗವು ತಪ್ಪಾದದ್ದೆಂದು ನನ್ನ ವಾದ. ಗಟ್ಟಿಯಾಗಿ ಓದಿ ಕೇಳಿಸುವುದು, ನಮ್ಮ ಹಿರಿಯರು ವಾಚನವೆಂದು ಕರೆದದ್ದು, ಕಲೆಯೂ ಹೌದು, ಗ್ರಂಥಾಲಯದ ಕಾರ್ಯವೂ ಹೌದು; ಬೇಸಗೆಯ ಬೀದಿ ಉತ್ಸವದ ಮಧ್ಯಸ್ಥಾನವು ಅದಕ್ಕೆ ಸಲ್ಲತಕ್ಕದ್ದು; ಮತ್ತು ಆ ವಾಚನವು ಮುಗಿದ ಗಳಿಗೆಯಲ್ಲಿಯೇ, ಓದಿದ ಪುಸ್ತಕವು ಕೇಳಿದವನ ಕೈಗೆ ಎರವಲಾಗಿ ಹೋಗತಕ್ಕದ್ದು. ಹಲವು ಲಿಪಿಗಳು ಕೂಡುವ ಈ ಊರುಗಳಲ್ಲಿ ಇದರ ಅವಶ್ಯಕತೆಯು ಮಿಕ್ಕ ಕಡೆಗಿಂತ ಹೆಚ್ಚು.

ಇದು ಹೊಸ ಕಲ್ಪನೆಯೇನೂ ಅಲ್ಲ. ಮಳೆಗಾಲದ ರಾತ್ರಿಗಳಲ್ಲಿ ಈ ಕಡೆಯ ಮನೆಗಳ ಚಾವಡಿಗಳಲ್ಲಿ ಲಕ್ಷ್ಮೀಶನ ಜೈಮಿನಿ ಭಾರತವನ್ನೂ ತೊರವೆ ರಾಮಾಯಣವನ್ನೂ ಒಬ್ಬನು ರಾಗವಾಗಿ ಓದುವುದು, ಇನ್ನೊಬ್ಬನು ಅರ್ಥ ಹೇಳುವುದು, ಮನೆಯವರೂ ನೆರೆಮನೆಯವರೂ ಅಡಿಕೆ ಸುಲಿಯುತ್ತ ಕೇಳುವುದು ರೂಢಿಯಲ್ಲಿತ್ತು. ಮಲಯಾಳಿಗಳ ಮನೆಗಳಲ್ಲಿ ಕರ್ಕಾಟಕ ಮಾಸದ ರಾಮಾಯಣ ಪಾರಾಯಣವು ಇಂದಿಗೂ ನಿಂತಿಲ್ಲ. ಅಕ್ಷರ ಬಲ್ಲವನು ಒಬ್ಬನಿದ್ದರೂ ಪುಸ್ತಕವು ಇಪ್ಪತ್ತು ಮಂದಿಗೆ ಸಲ್ಲುತ್ತಿದ್ದ ಆ ವ್ಯವಸ್ಥೆಯಲ್ಲಿ ಓದು ಏಕಾಂತದ ಕ್ರಿಯೆಯಾಗಿರಲಿಲ್ಲ. ಭಾಷೆಯೂ ಇದಕ್ಕೆ ಸಾಕ್ಷಿಯಾಗಿದೆ: ಓದಿಗೆ ಮಲಯಾಳದಲ್ಲಿರುವ 'ವಾಯನ' ಎಂಬ ಮಾತು ಸಂಸ್ಕೃತದ 'ವಾಚನ'ದ ತದ್ಭವ, ವಾಚನಾಲಯಕ್ಕೆ ಅವರು 'ವಾಯನಶಾಲೆ' ಎನ್ನುತ್ತಾರೆ. ಮೌನವಾಗಿರಬೇಕೆಂದು ಗೋಡೆಯ ಮೇಲೆ ಬರೆದುಹಾಕುವ ಕಟ್ಟಡದ ಹೆಸರಿನಲ್ಲಿಯೇ ವಾಕ್ಕು ಅಡಗಿ ಕುಳಿತಿದೆ. ಈ ಭಾಷೆಗಳ ನಿಘಂಟುಗಳ ಕಥೆಯನ್ನೂ ಇಲ್ಲಿ ನೆನೆಯಬೇಕು. ಗುಂಡರ್ಟನ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರನ ತುಳು ನಿಘಂಟು 1886ರಲ್ಲಿ, ಕಿಟ್ಟೆಲನ ಕನ್ನಡ ನಿಘಂಟು 1894ರಲ್ಲಿ ಹೊರಬಂದವು. ಮೂರೂ ಇಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನ ಬಾಸೆಲ್ ಮಿಷನ್ನಿನವು. ಒಂದೇ ಅಚ್ಚುಕೂಟದಲ್ಲಿ ಅಕ್ಕಪಕ್ಕ ಮಲಗಿದ್ದ ಅಚ್ಚಿನ ಮೊಳೆಗಳು ಇಂದು ಒಂದೇ ಬೀದಿಯಲ್ಲಿ ಅಕ್ಕಪಕ್ಕ ಕುಳಿತುಕೊಳ್ಳಲು ಸಂಕೋಚಪಡಬೇಕಾದ ಕಾರಣವಿಲ್ಲ.

ಯಕ್ಷಗಾನವನ್ನೇ ನೋಡಿರಿ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೂ ದಕ್ಷಿಣದ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ಇರುವ ಸಾಮ್ಯವನ್ನು ಕುರಿತು ವಿದ್ವಾಂಸರು ದೀರ್ಘವಾಗಿ ಚರ್ಚಿಸಿದ್ದಾರೆ. ಯಾರು ಯಾರಿಂದ ಪಡೆದರೆಂಬುದು ಹೇಗೇ ನಿರ್ಣಯವಾಗಲಿ, ಪಡೆದುಕೊಂಡರೆಂಬ ಸಂಗತಿಯೇ ನನಗೆ ಮುಖ್ಯವಾಗಿ ತೋರುತ್ತದೆ. ಅದಕ್ಕಿಂತಲೂ ಗಮನಿಸಬೇಕಾದದ್ದು ಇನ್ನೊಂದಿದೆ. ಉಡುಪಿಯ ಪಾವಂಜೆ ಗುರುರಾಯರು ಪ್ರಸಂಗಗಳನ್ನು ಅಚ್ಚುಮಾಡಿಸಿ ಸುಲಭ ಬೆಲೆಗೆ ಹಂಚಿದರು. ಆ ತೆಳ್ಳನೆಯ ಪುಸ್ತಕಗಳು ಭಾಗವತನ ಕೈಯಲ್ಲಿ ಮಾತ್ರವಲ್ಲದೆ ಆಟ ನೋಡಿ ಬಂದ ರೈತನ ಮನೆಯ ಗೂಡಿನಲ್ಲಿಯೂ ಜಾಗ ಪಡೆದುವು. ರಾತ್ರಿ ಬಯಲಿನಲ್ಲಿ ಕೇಳಿದ ಪದ್ಯವನ್ನು ಹಗಲು ಪುಸ್ತಕದಲ್ಲಿ ಬೆರಳಿಟ್ಟು ಹುಡುಕಿ, ಆ ಹುಡುಕಾಟದಲ್ಲಿಯೇ ಓದುವುದನ್ನು ಕಲಿತವರು ಈ ಸೀಮೆಯಲ್ಲಿ ಉಂಟು. ತಾಳಮದ್ದಲೆಯ ಕೂಟದಲ್ಲಿಯಂತೂ ವೇಷಭೂಷಣಗಳ ನೆರವೂ ಇಲ್ಲ. ಎದುರುಬದುರು ಕುಳಿತವರು ಪ್ರಸಂಗದ ಒಂದು ಪದ್ಯವನ್ನು ಹಿಡಿದು, ವ್ಯಾಸಭಾರತದಿಂದಲೂ ಕುಮಾರವ್ಯಾಸನಿಂದಲೂ ಸಾಮಗ್ರಿಯನ್ನು ತಂದು ತರ್ಕಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥವನ್ನು ಕೇಳಿದವರು ತಾವು ಸಾವಿರ ಪುಟಗಳ ವಾಚನವನ್ನು ಕೇಳುತ್ತಿದ್ದೇವೆಂದು ಆಗ ತಿಳಿದಿರಲಾರರು.

ಕಲೆಯಿಂದ ಗ್ರಂಥಕ್ಕೆ ಹೋಗುವ ಈ ಹಾದಿ ಹಳೆಯದಾಗಿದ್ದಂತೆ, ಗ್ರಂಥವು ತಾನೇ ನಡೆದು ಜನರ ಬಳಿಗೆ ಬಂದ ಹಾದಿಯೂ ಉಂಟು. 1910ರಲ್ಲಿ ಬರೋಡೆಯ ಸಯಾಜಿರಾವ್ ಮಹಾರಾಜರು ಅಮೆರಿಕದ ಬೋರ್ಡನ್ ಎಂಬವರನ್ನು ಕರೆಸಿ ಸಂಸ್ಥಾನದ ಗ್ರಂಥಾಲಯ ವ್ಯವಸ್ಥೆಯನ್ನು ಕಟ್ಟಿಸಿದಾಗ, ಪುಸ್ತಕಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ ಹಳ್ಳಿಗಳಿಗೆ ಕಳುಹಿಸುವ ಕ್ರಮವೂ ಅದರ ಅಂಗವಾಗಿತ್ತು. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ ಅವರು, ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದ 1931ರಲ್ಲಿಯೇ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯವೂ ಹೊರಟಿತು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬ ಆ ಸೂತ್ರಗಳ ಭಾವವನ್ನು ನಾವು ಹಲವು ಸಲ ಉದಾಹರಿಸುತ್ತೇವೆ; ಪುಸ್ತಕವು ತನ್ನ ಓದುಗನನ್ನು ಹುಡುಕಿಕೊಂಡು ಹೋಗಲು ಎತ್ತುಗಳನ್ನು ಹೂಡಬೇಕಾಯಿತೆಂಬುದನ್ನು ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಕನ್ನಡದಲ್ಲಿಯೋ, ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರಿಗೆ ನಡೆದು ಮಾರಿದರು. ಅವರ ತಲೆಯ ಮೇಲಿದ್ದ ಆ ಗಂಟು ನಮ್ಮ ಮೊದಲ ಸಂಚಾರಿ ಗ್ರಂಥಭಂಡಾರಗಳಲ್ಲಿ ಒಂದೆಂದು ನಾನು ಗೌರವದಿಂದ ಎಣಿಸುತ್ತೇನೆ.

ಕೇರಳದ ಗ್ರಂಥಾಲಯ ಚಳವಳಿಯ ಕಥೆಯು ಇದಕ್ಕಿಂತ ವಿಸ್ತಾರವಾದದ್ದು, ಕಾಸರಗೋಡಿನ ಕನ್ನಡಿಗರಾದ ನಾವು ಅದರ ವಾರಸುದಾರರಾಗಿಯೂ ಅದನ್ನು ಸಾಕಷ್ಟು ತಿಳಿದುಕೊಂಡಿಲ್ಲ. ಪಿ. ಎನ್. ಪಣಿಕ್ಕರ್ (1909–1995) ಎಂಬ ಪ್ರಾಥಮಿಕ ಶಾಲೆಯ ಉಪಾಧ್ಯಾಯರು 1945ರಲ್ಲಿ ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳ ಪ್ರತಿನಿಧಿಗಳನ್ನು ಕೂಡಿಸಿ ಸಂಘ ಕಟ್ಟಿದರು. ಅವರ ಆ ಸಂಘವು ಬೆಳೆದು, 1975ರಲ್ಲಿ ಯುನೆಸ್ಕೋದ ಕ್ರುಪ್ಸ್ಕಾಯಾ ಪುರಸ್ಕಾರವನ್ನು ಪಡೆಯಿತು. ಸಂಘದ ರಜತೋತ್ಸವದ ಕಾಲದಲ್ಲಿ ಪಾರಶ್ಶಾಲೆಗೂ ಕಾಸರಗೋಡಿಗೂ ನಡುವೆ, ಎಂದರೆ ರಾಜ್ಯದ ಒಂದು ತುದಿಗೂ ಮತ್ತೊಂದು ತುದಿಗೂ ನಡುವೆ, ಪುಸ್ತಕದ ಸಲುವಾಗಿ ಪಾದಯಾತ್ರೆ ನಡೆಯಿತು. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1980ರಲ್ಲಿ ಹೊರಡಿಸಿದ ಶಾಸ್ತ್ರ ಕಲಾ ಜಾಥಾದ ತಂಡವಂತೂ, ಬೀದಿಯಲ್ಲಿ ಹಾಡಿ ಆಡಿ ತೋರಿಸಿ, ಕೊನೆಗೆ ತಟ್ಟೆ ಹಿಡಿದು ಹಣ ಬೇಡದೆ, ಪುಸ್ತಕ ಕೊಳ್ಳಿರೆಂದು ಕೇಳಿತು. ಕರ್ನಾಟಕದಲ್ಲಿ 1975ರಲ್ಲಿ ಸ್ಥಾಪಿತವಾದ ಸಮುದಾಯ ತಂಡದ 'ಬೆಲ್ಚಿ' ಮುಂತಾದ ಬೀದಿನಾಟಕಗಳು ಅದೇ ಕಾಲದವು. ಬೀದಿಯಲ್ಲಿ ಕಲೆಯ ತೇಜಸ್ಸು ಕುಂದುವುದಿಲ್ಲವೆಂದು ಅವು ಕಾಣಿಸಿಕೊಟ್ಟವು. ಆದರೆ ಕಲೆಯ ಬೆನ್ನಿಗೆ ಪುಸ್ತಕವನ್ನು ಕಟ್ಟಿ ಕಳುಹಿಸಿದ ಆ ಮಲಯಾಳಿ ಉಪಾಯದ ಮುಂದೆ ನಾನು ವಿಶೇಷವಾಗಿ ತಲೆಬಾಗುತ್ತೇನೆ. ಇಂದು ಕೇರಳದಲ್ಲಿ 9,000ಕ್ಕೂ ಮಿಕ್ಕ ಗ್ರಂಥಾಲಯಗಳಿವೆ. ಅವುಗಳಲ್ಲಿ ಮಕ್ಕಳಿಗೆ ಬಾಲವೇದಿ, ಹೆಂಗಸರಿಗೆ ವನಿತಾವೇದಿ ಎಂಬ ಅಂಗಗಳುಂಟು. 1989ರ ಶಾಸನದ ಮೇರೆಗೆ ಕಟ್ಟಡ ತೆರಿಗೆಯ ಮೇಲೆ ಶೇಕಡಾ 5ರ ಗ್ರಂಥಾಲಯ ಉಪಕರವನ್ನು ಪ್ರತಿಯೊಬ್ಬ ಗೃಹಸ್ಥನೂ ತೆರುತ್ತಾನೆ. ಹಾಗಾದರೆ ಆ ಕಪಾಟಿನ ಪುಸ್ತಕಕ್ಕೆ ನಾಯ್ಮಾರ್ಮೂಲೆಯ ಮೀನುಮಾರುವವನೂ ಬೆಲೆ ಕೊಟ್ಟಾಗಿದೆ. ಅದನ್ನು ಅವನ ಮನೆಯ ಬೀದಿಗೆ ತಂದು ಕೊಡುವುದು ದಾನವಾಗದು, ಋಣ ಸಂದಾಯವಾದೀತು.

ಇಲ್ಲಿ ನನಗೆ ಸಾರಾ ಅಬೂಬಕ್ಕರ್ (1936–2023) ಅವರ ಬಾಳಿನ ಒಂದು ಸಂಗತಿ ಮತ್ತೆ ಮತ್ತೆ ನೆನಪಾಗುತ್ತದೆ. ಚಂದ್ರಗಿರಿಯ ದಡದ ಊರಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ತಮ್ಮ ಕುಟುಂಬದಲ್ಲಿ ಶಾಲೆ ಕಂಡ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರಾದ ಅವರಿಗೆ ಮುಂದೆ ಓದುವ ಆಸೆ ಎಷ್ಟಿದ್ದರೂ ಸಮಾಜದ ಕಟ್ಟುಪಾಡು ಅದಕ್ಕೆ ಎಡೆಗೊಡಲಿಲ್ಲ. ಗ್ರಂಥಾಲಯವೊಂದರ ಸದಸ್ಯತ್ವವು ಅವರಿಗೆ ದೊರೆತದ್ದು 1963ರಲ್ಲಿ, ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ. 'ಚಂದ್ರಗಿರಿಯ ತೀರದಲ್ಲಿ' ಪುಸ್ತಕವಾಗಿ ಬಂದದ್ದು 1984ರಲ್ಲಿ. ಕನ್ನಡಕ್ಕೆ ಅಂಥ ಕಾದಂಬರಿಯನ್ನು ಕೊಡಬಲ್ಲ ಮನಸ್ಸೊಂದು ಒಂದು ಚೀಟಿಗಾಗಿ ಅಷ್ಟು ವರ್ಷ ಕಾಯಬೇಕಾಯಿತು. ಅಂದು ಗ್ರಂಥಾಲಯಗಳು ಇರಲಿಲ್ಲವೆ? ಇದ್ದವು. 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಶಾಸನವು ಆಗ ಮದರಾಸಿಗೆ ಸೇರಿದ್ದ ಈ ನೆಲಕ್ಕೂ ಅನ್ವಯಿಸುತ್ತಿತ್ತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಶಾಸನವೆಂಬ ಕೀರ್ತಿ ಅದಕ್ಕಿದೆ. ಶಾಸನವಿತ್ತು, ಕಟ್ಟಡವಿತ್ತು, ಪುಸ್ತಕವಿತ್ತು. ಹೆಣ್ಣುಮಗಳೊಬ್ಬಳ ಮನೆಯ ಹೊಸ್ತಿಲಿಗೂ ಗ್ರಂಥಾಲಯದ ಹೊಸ್ತಿಲಿಗೂ ನಡುವಣ ದಾರಿಯೇ ಅವಳ ಪಾಲಿಗೆ ಇಲ್ಲದೆಹೋಗಿತ್ತು. ಉತ್ಸವದ ಸಂಜೆ ಆ ದಾರಿ ತನ್ನಷ್ಟಕ್ಕೆ ತೆರೆಯುತ್ತದೆ. ಅಜ್ಜಿ, ಅತ್ತಿಗೆ, ಮೈದುನ, ಮಕ್ಕಳು ಎಲ್ಲರೂ ಕೂಡಿ ಬೀದಿಗೆ ಬರುವ ಆ ದಿನ, ಒಂಟಿಯಾಗಿ ವಾಚನಾಲಯಕ್ಕೆ ಹೋಗಲು ಇಂದಿಗೂ ಹಿಂಜರಿಯುವ ಸೊಸೆಯೊಬ್ಬಳು ಯಾರಿಗೂ ಉತ್ತರ ಹೇಳಬೇಕಾಗಿಲ್ಲದೆ ಪುಸ್ತಕವೊಂದನ್ನು ಕೈಗೆತ್ತಿಕೊಳ್ಳಬಲ್ಲಳು. ಉಳಿದ ಎಲ್ಲ ವಾದಗಳೂ ಬಿದ್ದುಹೋದರೂ ಇದೊಂದು ಸಾಕೆಂದು ನಾನು ನಂಬಿದ್ದೇನೆ.

ನನ್ನ ಅನುಭವವೂ ಸ್ವಲ್ಪ ಉಂಟು. ನಾನು ಓದಿದ ಶಾಲೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟಿತ್ತು. ಗಾಜಿನೊಳಗಿಂದ ಪುಸ್ತಕಗಳ ಬೆನ್ನಿನ ಹೆಸರುಗಳನ್ನು ಓದಬಹುದಾಗಿತ್ತು; ಓದಿ ಓದಿ ನನಗೆ ಆ ಹೆಸರುಗಳು ಸಾಲುಸಾಲಾಗಿ ಬಾಯಿಪಾಠವಾಗಿದ್ದವು. ಬೀಗದ ಕೈ ಹೆಡ್‌ಮಾಸ್ತರರ ಮೇಜಿನೊಳಗಿತ್ತು. ಪುಸ್ತಕ ಹರಿದರೆ ಲೆಕ್ಕ ಕೊಡಬೇಕಾದವರು ಅವರಾದುದರಿಂದ ಆ ಭಯವನ್ನು ನಾನು ಇಂದು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಮಾರ್ಚಿಯಲ್ಲಿ ಪರೀಕ್ಷೆ ಮುಗಿದು, ಓದಬೇಕೆಂದು ಯಾರೂ ಹೇಳದ, ಓದಲು ಹೊತ್ತೇ ಹೊತ್ತು ಇರುವ ಎರಡು ತಿಂಗಳು ಬಂದೊಡನೆ ಕಪಾಟಿನ ಬೀಗದ ಮೇಲೆ ಶಾಲೆಯ ಬೀಗವೂ ಬೀಳುತ್ತಿತ್ತು. ಬಾವಿಗೆ ನೀರಿಳಿಯುವ ಕಾಲಕ್ಕೆ ಹಗ್ಗವನ್ನೂ ತೆಗೆದಿಟ್ಟಂತೆ. ಹಳ್ಳಿಯ ಮಗುವಿಗೆ ಬೇಸಗೆಯಲ್ಲಿ ಪುಸ್ತಕ ಸಿಗುವ ಏರ್ಪಾಡು ಇಂದಿಗೂ ಎಷ್ಟು ಕಡೆ ಇದೆಯೆಂದು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಮೈಸೂರಿನ ರಂಗಾಯಣದ ಚಿನ್ನರ ಮೇಳದಂಥ ಬೇಸಗೆಯ ಶಿಬಿರಗಳು ಮಕ್ಕಳಿಗೆ ರಂಗಭೂಮಿಯನ್ನು ತೆರೆದುಕೊಟ್ಟಿವೆ. ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳು 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡಿವೆ. ಈ ಎರಡು ಸತ್ಕಾರ್ಯಗಳು ಒಂದೇ ಬೀದಿಯಲ್ಲಿ ಸಂಧಿಸಬೇಕೆಂಬುದೇ ನನ್ನ ಹಂಬಲ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಕೇಳಿದ್ದೇನೆ. ಧ್ವನಿವರ್ಧಕದ ಅಬ್ಬರದ ನಡುವೆ ಓದು ಹೇಗೆ ಸಾಧ್ಯ, ಗ್ರಂಥಕ್ಕೆ ಮೌನವಲ್ಲವೆ ತಕ್ಕದ್ದು ಎಂಬುದು ಮೊದಲನೆಯದು. ಮೌನದ ಬೆಲೆಯನ್ನು ನಾನು ಬಲ್ಲೆ. ಆದರೆ ಮೌನವಾಗಿ ಓದುವ ಸುಖವು ಓದನ್ನು ಆಗಲೇ ಪ್ರೀತಿಸಿದವನ ಸುಖ. ಆ ಪ್ರೀತಿ ಹುಟ್ಟುವುದು ಯಾರೋ ಒಬ್ಬರ ಧ್ವನಿಯಿಂದ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಶ್ರೀರಾಮಸೇವಾ ಮಂಡಳಿಯವರು ಆರಂಭಿಸಿದ ರಾಮನವಮಿಯ ಸಂಗೀತೋತ್ಸವವೂ ಬೇಸಗೆಯ ಚಪ್ಪರದ ಉತ್ಸವವೇ. ಚಪ್ಪರದ ಹೊರಗೆ ಬೀದಿಯಲ್ಲಿ ನಿಂತು ಕೇಳಿದವರಿಂದ ಶಾಸ್ತ್ರೀಯ ಸಂಗೀತದ ಘನತೆಗೆ ಕುಂದೇನೂ ಬರಲಿಲ್ಲ, ಬದಲಾಗಿ ಅದಕ್ಕೆ ಶ್ರೋತೃಗಳ ಒಂದು ಪರಂಪರೆಯೇ ದೊರೆಯಿತು. ಬೀದಿಯ ಸಂಜೆಯೊಂದರಲ್ಲಿ ಅರ್ಧ ತಾಸು ಧ್ವನಿವರ್ಧಕವನ್ನು ನಿಲ್ಲಿಸಿ, ಚಾಪೆ ಹಾಸಿ, ಮಕ್ಕಳನ್ನು ಮುಂದೆ ಕೂರಿಸಿ, ಒಳ್ಳೆಯ ಕಂಠದ ಒಬ್ಬರು ಬರಿಯ ಬಾಯಿಂದ ಕಥೆಯೊಂದನ್ನು ಓದಿದರೆ ಆಗುವ ನಷ್ಟವೇನು? ಚೆಂಡೆ ನಿಂತ ಮೇಲಿನ ಮೌನದಲ್ಲಿ ಭಾಗವತನ ಏಕಕಂಠವು ಎಷ್ಟು ದೂರ ಕೇಳಿಸುವುದೆಂದು ಆಟ ನೋಡಿದ ಯಾವನೂ ಬಲ್ಲನು.

ಎರಡನೆಯ ಆಕ್ಷೇಪ ಭಾಷೆಯದು. ಇದು ನಮ್ಮನ್ನು ಹೆಚ್ಚು ನೋಯಿಸುವಂಥದು. ಮಲಯಾಳವೇ ಪ್ರಧಾನವಾದ ಬೀದಿಯಲ್ಲಿ ಕನ್ನಡದ ಪುಸ್ತಕವನ್ನು ಯಾರು ಮುಟ್ಟುತ್ತಾರೆ ಎಂದು ಕನ್ನಡಿಗರು ನಿರಾಶೆಯಿಂದ ಕೇಳುತ್ತಾರೆ. ಇಲ್ಲಿ ಕನ್ನಡವೇಕೆ ಎಂದು ಬೇರೆಯವರು ಅರಿಯದೆ ಕೇಳಬಹುದು. ನನ್ನ ಉತ್ತರವು ವಾಚನದಲ್ಲಿಯೇ ಇದೆ. ಈ ಊರುಗಳಲ್ಲಿ ಕನ್ನಡದ ಲಿಪಿಯನ್ನು ಓದಲಾರದೆಯೂ ಕನ್ನಡವನ್ನು ಕೇಳಿ ಗ್ರಹಿಸಬಲ್ಲವರು ಅನೇಕರಿದ್ದಾರೆ. ಮಲಯಾಳದ ಅಕ್ಷರ ತಿಳಿಯದೆಯೂ ಅದರ ಕಥೆಗೆ ನಗಬಲ್ಲ, ಅಳಬಲ್ಲ ಕನ್ನಡಿಗರೂ ಅಷ್ಟೇ ಮಂದಿ. ಕಣ್ಣಿಗೆ ಕಟ್ಟಿದ ಬೇಲಿಯು ಕಿವಿಗೆ ಇಲ್ಲ. ಪುಸ್ತಕವನ್ನು ಮೇಜಿನ ಮೇಲೆ ಇಟ್ಟಾಗ ಲಿಪಿಯೇ ಮೊದಲು ಎದುರಾಗಿ ಜನರನ್ನು ವಿಂಗಡಿಸುತ್ತದೆ. ಅದೇ ಪುಸ್ತಕವನ್ನು ಓದಿ ಹೇಳಿದಾಗ ಕಥೆಯು ಮೊದಲು ಬಂದು, ಲಿಪಿಯ ಕುತೂಹಲವು ಆಮೇಲೆ ಹುಟ್ಟುತ್ತದೆ. ತಳಂಗರೆಯ ಕವಿ ಟಿ. ಉಬೈದ್ (1908–1972) ಅವರು 1947ರಲ್ಲಿ ಕೋಳಿಕೋಡಿನ ಸಾಹಿತ್ಯ ಪರಿಷತ್ತಿನಲ್ಲಿ ಮಾಪಿಳ್ಳೆ ಹಾಡುಗಳ ಪರವಾಗಿ ಮಾತನಾಡಿದರು. ಅರಬಿ ಲಿಪಿಯ ಹೊದಿಕೆಯೊಳಗಿದ್ದ ಆ ಹಾಡುಗಳಿಗೆ ಮಲಯಾಳ ಸಾಹಿತ್ಯದಲ್ಲಿ ಗೌರವದ ಸ್ಥಾನ ದೊರೆತದ್ದು ಆ ಮೇಲೆ. ಹಾಡಿನ ಹಳ್ಳಿಯೆಂಬ ಅರ್ಥದಲ್ಲಿ 'ಇಶಲ್ ಗ್ರಾಮ'ವೆಂದೇ ಹೆಸರಾದ ಮೊಗ್ರಾಲು ಇಲ್ಲಿಗೆ ದೂರವೇನಲ್ಲ. ಉತ್ಸವದ ಒಂದೇ ಚಾಪೆಯ ಮೇಲೆ ಕಯ್ಯಾರ ಕಿಞ್ಞಣ್ಣ ರೈಗಳ ಕವಿತೆಯೂ, ಮೊಗ್ರಾಲಿನ ಇಶಲೂ, ತುಳುವಿನ ಪಾಡ್ದನವೂ ಸರದಿಯಾಗಿ ಕೇಳಿಬರುವುದಾದರೆ, ಅಲ್ಲಿ ಕನ್ನಡಕ್ಕೆ ಜಾಗ ಕೊಡಿರೆಂದು ಅರ್ಜಿ ಬರೆಯಬೇಕಾಗದು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವಂತೆ ನಾವು ಕನ್ನಡವನ್ನು ನೆರೆಯವರಿಗೆ ಕೊಡಬೇಕು. ಹಕ್ಕಿಗಾಗಿ ನಡೆಯಬೇಕಾದ ಹೋರಾಟವು ಬೇರೆ ಸ್ಥಳಗಳಲ್ಲಿ ಅವಶ್ಯವಾಗಿ ನಡೆಯಲಿ. ಉತ್ಸವದ ಬೀದಿಯಲ್ಲಿ ಆತಿಥ್ಯವೇ ನಮ್ಮ ವಾದವಾಗಲಿ. ಮಂಜೇಶ್ವರದಲ್ಲಿ ಕುಳಿತು ಹತ್ತಾರು ಭಾಷೆಗಳನ್ನು ಕಲಿತ ಗೋವಿಂದ ಪೈಗಳಿಗೆ (1883–1963) ಇತರ ಭಾಷೆಗಳ ಪ್ರೀತಿಯಿಂದ ಕನ್ನಡದ ನಿಷ್ಠೆ ಎಳ್ಳಷ್ಟೂ ಸಡಲಿರಲಿಲ್ಲ.

ಮೂರನೆಯದು ಬೀದಿಯನ್ನೇ ಕುರಿತದ್ದು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿಯು ಆರು ಪಥಗಳಾಗಿ ಅಗಲವಾದ ಮೇಲೆ, ಈ ದಾರಿಯ ಊರುಗಳಲ್ಲಿ ರಸ್ತೆಯುಂಟು, ಬೀದಿ ಕಡಮೆ. ರಸ್ತೆಯು ಹಾದುಹೋಗುವವರದು, ಬೀದಿಯು ನಿಲ್ಲುವವರದು. ಎದುರು ಬದಿಯ ಅಂಗಡಿಯವನನ್ನು ಕೂಗಿ ಕರೆಯುವಷ್ಟು ಅಗಲವೇ ಬೀದಿಗೆ ಯೋಗ್ಯವಾದ ಅಗಲ. ಆ ಅಗಲವು ಕಳೆದುಹೋದ ಕಡೆ ಜನರು ನಿಂತು ಒಬ್ಬರ ಮುಖ ಒಬ್ಬರು ನೋಡುವ ಸ್ಥಳವನ್ನು ಬೇಕೆಂದೇ ಹುಡುಕಿ ಉಳಿಸಿಕೊಳ್ಳಬೇಕಾಗುತ್ತದೆ. ಒಳದಾರಿಗಳಿವೆ, ಶಾಲೆಯ ಅಂಗಳಗಳಿವೆ, ಮಸೀದಿಯ ಮುಂದೆ, ಗುಡಿಯ ಮುಂದೆ ಬಯಲುಗಳಿವೆ. ವರ್ಷಕ್ಕೆ ಒಂದೆರಡು ಸಂಜೆಯಾದರೂ ಅವನ್ನು ವಾಹನಗಳಿಂದ ಬಿಡಿಸಿ ಮಕ್ಕಳಿಗೆ ಕೊಡುವುದು ಉತ್ಸವದ ಮೊದಲ ಉಪಕಾರವೆಂದು ಹೇಳಬೇಕು. ಕೈಯಲ್ಲಿ ಮೊಬೈಲು ಬಂದ ಮೇಲೆ ಪುಸ್ತಕವೇಕೆ ಎಂಬ ಮಾತನ್ನು ನಾನು ಹೆಚ್ಚು ಚರ್ಚಿಸುವುದಿಲ್ಲ. ಎದುರಿಗೆ ಕುಳಿತ ಅಕ್ಕನೊಬ್ಬಳು ಹುಲಿಯ ದನಿಯನ್ನೂ ಹಸುವಿನ ದನಿಯನ್ನೂ ಬದಲಿಸಿ ಬದಲಿಸಿ ಓದುವಾಗ ಯಾವ ಮಗುವೂ ಮೊಬೈಲನ್ನು ನೋಡಿದ್ದನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಒಪ್ಪಿದ ಮೇಲೂ ನನ್ನ ಮನಸ್ಸಿನಲ್ಲಿ ಉಳಿಯುವ ಆತಂಕವೊಂದಿದೆ. ಉತ್ಸವವು ಮುಗಿಯುತ್ತದೆ. ಚಪ್ಪರ ಬಿಚ್ಚಿದ ಮರುದಿನದ ಬೀದಿಯನ್ನು ನೋಡಿದವನಿಗೆ ಅದರ ಬರಿದು ಗೊತ್ತು. ಕಾಸರಗೋಡಿನ ನೆಲದಲ್ಲಿ ಮಳೆಯು ನಾಲ್ಕು ತಿಂಗಳು ಹುಚ್ಚಾಗಿ ಸುರಿದು ಸಮುದ್ರಕ್ಕೆ ಓಡಿಬಿಡುತ್ತದೆ. ಏಪ್ರಿಲಿನಲ್ಲಿ ಕುಡಿಯುವ ನೀರಿಗೆ ಬಾವಿಯ ತಳವನ್ನು ಕೆರೆಯಬೇಕಾಗುತ್ತದೆ. ಅದಕ್ಕೆಂದೇ ಇಲ್ಲಿಯ ಹಿರಿಯರು ಮುರಕಲ್ಲಿನ ಗುಡ್ಡಗಳ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದರು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರದ ಆ ಕತ್ತಲೆಯಲ್ಲಿ ಕಲ್ಲಿನಿಂದ ಹನಿಹನಿಯಾಗಿ ಒಸರಿದ ನೀರು, ಎತ್ತುವ ಶ್ರಮವಿಲ್ಲದೆ, ತಾನಾಗಿಯೇ ಇಳಿದು ಅಂಗಳದ ತೊಟ್ಟಿಗೆ ಬೀಳುತ್ತದೆ, ಮಳೆ ನಿಂತು ಎಷ್ಟೋ ತಿಂಗಳಾದ ಮೇಲೂ. ಉತ್ಸವದ ಸಂತೋಷವನ್ನು ಹಾಗೆ ಹಿಡಿದಿಟ್ಟು ವರ್ಷದುದ್ದಕ್ಕೂ ಒಸರಿಸಬಲ್ಲ ಸಾಧನವು ಗ್ರಂಥಾಲಯವೊಂದೇ. ನೃತ್ಯ ಮುಗಿದರೆ ಮುಗಿಯಿತು, ಹಾಡಿನ ಸ್ವರ ಗಾಳಿಗೆ ಹೋಯಿತು; ಮನೆಗೆ ಹೋದ ಪುಸ್ತಕ ಮಾತ್ರ ಮರುದಿನವೂ ಮಂಚದ ತಲೆದೆಸೆಯಲ್ಲಿ ಇರುತ್ತದೆ. ಆದಕಾರಣ ಉತ್ಸವದಲ್ಲಿ ಪುಸ್ತಕಗಳ ಪ್ರದರ್ಶನವನ್ನು ಬಿಟ್ಟು, ಎರವಲನ್ನು ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಪ್ರದರ್ಶನದ ಪುಸ್ತಕವನ್ನು ಜನರು ಗೌರವದಿಂದ ನೋಡುತ್ತಾರೆ. ಎರವಲು ತಂದ ಪುಸ್ತಕವನ್ನು ಮನೆಯಲ್ಲಿ ನಾಲ್ವರು ಓದುತ್ತಾರೆ, ಐದನೆಯವನು ಅದರ ಮೇಲೆ ಚಹದ ಲೋಟ ಇಡುತ್ತಾನೆ. ಆ ವೃತ್ತಾಕಾರದ ಕಲೆಯನ್ನು ನಾನು ಹಾನಿಯೆಂದು ತಿಳಿಯುವುದಿಲ್ಲ.

ಎರವಲಿನ ಕ್ರಮವು ಸರಳವಾಗಿರಬೇಕು. ಠೇವಣಿ ಬೇಡ, ಆಧಾರ್ ಕಾರ್ಡಿನ ನಕಲು ಬೇಡ. ಹೆಸರು, ಮನೆಯ ಗುರುತು, ಮಗುವಾದರೆ ಅದರ ಶಾಲೆ, ಇಷ್ಟನ್ನು ಉದ್ದನೆಯ ಪುಸ್ತಕದಲ್ಲಿ ಬರೆದುಕೊಂಡರೆ ಸಾಕು. ಬರೆಯುವ ಕೆಲಸವನ್ನು ಬಾಲವೇದಿಯ ಮಕ್ಕಳಿಗೇ ಕೊಡಬೇಕು. ಓದಿ ಹೇಳಿದ ಪುಸ್ತಕದ ಐದಾರು ಪ್ರತಿಗಳು ಅಲ್ಲಿಯೇ ಸಿದ್ಧವಾಗಿರಬೇಕು, ಏಕೆಂದರೆ ಕೇಳಿದ ಕಥೆಯನ್ನೇ ಮತ್ತೆ ಓದಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ಕನ್ನಡ, ಮಲಯಾಳ ಎರಡು ಲಿಪಿಯಲ್ಲಿಯೂ ದೊರೆಯುವ ಕಥೆಗಳನ್ನು ಆರಿಸಿಕೊಂಡರೆ, ಒಂದನ್ನು ಕೇಳಿ ಇನ್ನೊಂದನ್ನು ಬೆರಳಿಟ್ಟು ಹಿಂಬಾಲಿಸುವ ಅಭ್ಯಾಸವೂ ಆದೀತು. ಹಿಂದಿರುಗಿಸುವ ದಿನವನ್ನು ಮಾತ್ರ ವಿಚಾರಮಾಡಿ ಗೊತ್ತುಪಡಿಸಬೇಕು. ಪಣಿಕ್ಕರರು ತೀರಿಕೊಂಡ ಜೂನ್ 19ನ್ನು ಕೇರಳವು ವಾಚನದಿನವೆಂದು ಆಚರಿಸುತ್ತದೆ. ಆ ಹೊತ್ತಿಗೆ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಶಾಲೆಗಳು ತೆರೆದಿರುತ್ತವೆ, ಬೀದಿಯಲ್ಲಿ ಉತ್ಸವ ನಡೆದ ಜಾಗದಲ್ಲಿ ಮಳೆಯ ಕೆಂಪು ನೀರು ಹರಿಯುತ್ತಿರುತ್ತದೆ. ಬೇಸಗೆಯಲ್ಲಿ ಬೀದಿಯಿಂದ ಎತ್ತಿಕೊಂಡ ಪುಸ್ತಕವನ್ನು ಆ ದಿನ ಮೇಜಿಲ್ಲದ ಬೀದಿಗೆ ತರುವಂತಿಲ್ಲ. ಗ್ರಂಥಾಲಯದ ಕಟ್ಟಡಕ್ಕೇ ಕೊಂಡೊಯ್ಯಬೇಕು. ಅಂದು ಬಾಗಿಲನ್ನು ಪೂರ್ತಿ ತೆರೆದು, ಕೊಡೆಗಳನ್ನು ಒರಗಿಸಲು ಜಗಲಿಯಲ್ಲಿ ಸ್ಥಳ ಮಾಡಿ, ಒದ್ದೆ ಕಾಲಿನಿಂದ ಮೊದಲ ಸಲ ಒಳಗೆ ಬರುವ ಮಗುವಿನ ಕೈಯಿಂದ ಹಳೆಯ ಪುಸ್ತಕವನ್ನು ತೆಗೆದುಕೊಂಡು, ಅದು ಕೇಳುವ ಮೊದಲೇ ಎರಡನೆಯದನ್ನು ಮುಂದಿಡಲು ಗ್ರಂಥಪಾಲರು ಕಾದಿರಬೇಕು.